‘ಒಬ್ಬನೇ’ ಎಂಬ ಬೇಲಿ: ಹಳೆಯ ಸ್ಪೀಡ್‌ವೇ ಕ್ವಿಜ್ ಒಂದರ ಪ್ರಕರಣ

ಇದು ಇಂಗ್ಲೆಂಡಿನ ಒಂದು ಊರಿನಲ್ಲಿ ನಡೆದದ್ದು. ಊರಿನ ಹೆಸರು, ತಂಡದ ಹೆಸರು, ಮನೆಯವರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗದಿರಲೆಂದು ಪ್ರಶ್ನೆಗಳ ಮಾತನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಪ್ರಶ್ನೆಗಳ ತಿರುಳು, ಉತ್ತರಗಳು, ನಾವು ದಾರಿ ತಪ್ಪಿದ ಜಾಗ, ಮತ್ತೆ ದಾರಿ ಸಿಕ್ಕ ಜಾಗ ಇವೆಲ್ಲ ಇದ್ದ ಹಾಗೇ ಇವೆ. ಹಳೆಯ ಕಾಗದಪತ್ರ ನೋಡುವವರಿಗೆ, ಕ್ವಿಜ್ ಮಾಡಿಸುವವರಿಗೆ ಇದರಿಂದ ಉಪಯೋಗವಾದೀತು ಎಂದು ವಿವರವಾಗಿಯೇ ಬರೆಯುತ್ತಿದ್ದೇನೆ.

ಹಿನ್ನೆಲೆ

ನಾನಿರುವ ಊರಿನಲ್ಲಿ ತಿಂಗಳಿಗೆ ಎರಡು ಶನಿವಾರ ನಾವು ನಾಲ್ಕೈದು ಮಂದಿ ಒಂದು ಮೇಜು ಹಾಕಿಕೊಂಡು ಕೂರುತ್ತೇವೆ. ಅಟ್ಟದಲ್ಲಿ ಸಿಕ್ಕ ಹಳೆಯ ಪತ್ರ, ಫೋಟೋ, ರಸೀದಿ, ಏನಿದ್ದರೂ ಜನ ತರುತ್ತಾರೆ. ಅದು ಏನು, ಯಾವ ಕಾಲದ್ದು, ಮನೆಯಲ್ಲಿ ಇಟ್ಟುಕೊಳ್ಳುವಂಥದ್ದೋ ಯಾವುದಾದರೂ ಸಂಗ್ರಹಕ್ಕೆ ಕೊಡುವಂಥದ್ದೋ ಎಂದು ಕೂತು ನೋಡುತ್ತೇವೆ. ಸಂಬಳದ ಕೆಲಸವೇನಲ್ಲ. ನಾನು ದಾವಣಗೆರೆ ಕಡೆಯವನು, ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಈ ಮೇಜಿಗೆ ಸೇರಿದ ಮೇಲೆಯೇ ಈ ಊರು ನನಗೆ ಒಳಗಿನಿಂದ ಕಾಣತೊಡಗಿದ್ದು.

ಒಂದು ಶನಿವಾರ ಅರವತ್ತರ ಹತ್ತಿರದ ಮಹಿಳೆಯೊಬ್ಬರು ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ತಂದಿಟ್ಟರು. ಅವರ ತಂದೆ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಡಬ್ಬದಲ್ಲಿ ಬಟ್ಟೆಯ ಬಿಲ್ಲೆಗಳು, ಅಂಗಿಗೆ ಚುಚ್ಚುವ ಬ್ಯಾಡ್ಜುಗಳು, ಮತ್ತೆ ನಲವತ್ತರಷ್ಟು ತೆಳು ಪುಸ್ತಿಕೆಗಳು. ಎಲ್ಲವೂ ಸ್ಪೀಡ್‌ವೇ ರೇಸಿನ ಪ್ರೋಗ್ರಾಂಗಳು. ಇವನ್ನು ಒಂದು ಸಂಗ್ರಹಕ್ಕೆ ಕೊಡಬೇಕು, ಪ್ರತಿಯೊಂದಕ್ಕೂ ಒಂದೊಂದು ಚೀಟಿ ಬರೆಯಲು ಸಹಾಯ ಬೇಕು ಎಂದರು.

ನಮ್ಮ ಕಡೆ ಸ್ಪೀಡ್‌ವೇ ನೋಡಿದವರು ಕಡಿಮೆ, ಆದ್ದರಿಂದ ಎರಡು ಮಾತು. ಮೊಟ್ಟೆಯಾಕಾರದ ಟ್ರ್ಯಾಕು, ಮೇಲೆ ಸಡಿಲವಾದ ಪುಡಿಮಣ್ಣು. ಒಂದು ಸಲಕ್ಕೆ ನಾಲ್ಕು ಜನ ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದಲ್ಲಿ ಮುಗಿಯಿತು. ಬೈಕು 500 ಸಿಸಿ, ಒಂದೇ ಗೇರು, ಬ್ರೇಕೇ ಇಲ್ಲ. ಇಂಧನ ಮೆಥನಾಲ್. ತಿರುವು ಬಂತೆಂದರೆ ಎಡಗಾಲಿನ ಉಕ್ಕಿನ ತಳವನ್ನು ನೆಲಕ್ಕೆ ಊರಿ, ಹಿಂದಿನ ಚಕ್ರವನ್ನು ಅಡ್ಡಡ್ಡ ಜಾರಿಸುತ್ತಾ ಸವಾರ ಸುತ್ತು ಹೊಡೆಯುತ್ತಾನೆ. ಇಂಥ ಒಂದೊಂದು ಓಟಕ್ಕೆ ಹೀಟ್ ಎನ್ನುತ್ತಾರೆ. ಮೊದಲು ಬಂದವನಿಗೆ 3 ಪಾಯಿಂಟ್, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಹೋಗಿ ನೋಡಿ ಬಂದವರೆಲ್ಲ ಮೊದಲು ಹೇಳುವುದು ವಾಸನೆಯ ಮಾತು. ಎಂಜಿನ್ನಿಗೆ ಹಾಕುತ್ತಿದ್ದದ್ದು ಹರಳೆಣ್ಣೆ ಬೆರೆತ ಎಣ್ಣೆ. ನಮ್ಮಜ್ಜಿ ಶನಿವಾರ ಶನಿವಾರ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆ ಇಲ್ಲಿನ ಮುದುಕರಿಗೆ ಬಾಲ್ಯದ ಪರಿಮಳ ಎಂದು ಕೇಳಿದಾಗ ನನಗೆ ಹೇಳಲಾಗದ ಸಂತೋಷವಾಗಿತ್ತು.

ಪ್ರೋಗ್ರಾಂ ಎಂದರೆ ಬರೀ ಓದುವ ಪುಸ್ತಿಕೆಯಲ್ಲ. ನಡುವಿನ ಹಾಳೆಯಲ್ಲಿ ಪ್ರತಿ ಹೀಟಿಗೂ ಖಾಲಿ ಮನೆಗಳಿರುತ್ತವೆ. ಓಟ ಮುಗಿದಂತೆಲ್ಲ ಪ್ರೇಕ್ಷಕ ಪೆನ್ಸಿಲಿನಿಂದ ಪಾಯಿಂಟ್ ತುಂಬಿಕೊಳ್ಳುತ್ತಾ, ಒಟ್ಟು ಕೂಡಿಸುತ್ತಾ ಹೋಗುತ್ತಾನೆ. ಮನೆಗೆ ಹೋಗುವ ಹೊತ್ತಿಗೆ ಆ ಪುಸ್ತಿಕೆ ಅವನದೇ ಕೈಬರಹದ ದಾಖಲೆಯಾಗಿರುತ್ತದೆ.

ತೊಡಕು

ನಲವತ್ತು ಪುಸ್ತಿಕೆಗಳಲ್ಲಿ ಮೂವತ್ತೊಂಬತ್ತಕ್ಕೆ ಚೀಟಿ ಬರೆಯುವುದು ಎರಡೇ ಶನಿವಾರದಲ್ಲಿ ಮುಗಿಯಿತು. ಉಳಿದದ್ದು ಒಂದು. ಅದರ ಹೊದಿಕೆಯ ಮೇಲೆ 1975 ಎಂದು ದೊಡ್ಡದಾಗಿ ಅಚ್ಚಾಗಿದೆ. ಮಗಳು ಒಂಬತ್ತು ವರ್ಷದವಳಿದ್ದಾಗ ತಂದೆ ಅವಳನ್ನು ಮೊದಲ ಸಲ ಕರೆದುಕೊಂಡು ಹೋದ ರೇಸಿನದು. ಒಳಗೆ ಒಂದು ಬಿಡಿ ಹಾಳೆ. ಒಂದು ಮಗ್ಗುಲಲ್ಲಿ ಹತ್ತು ಪ್ರಶ್ನೆಗಳ ಕ್ವಿಜ್, ಕೆಳಗೆ ಹೆಸರು ವಿಳಾಸ ಬರೆದು ಕತ್ತರಿಸಿ ಕೊಡಲು ಚುಕ್ಕೆಗೆರೆ. ಇನ್ನೊಂದು ಮಗ್ಗುಲಲ್ಲಿ ಹೀಟುಗಳ ಮನೆಗಳು, ಕಡೆಯಲ್ಲಿ ಪೆನ್ಸಿಲಿನಲ್ಲಿ ಒಟ್ಟು ಅಂಕ. ಅದರಡಿಯಲ್ಲಿ ಮುಂದಿನ ರೇಸು ಈಸ್ಟರ್ ಸೋಮವಾರ ಎಂಬ ಒಂದು ಸಾಲು.

ಕ್ವಿಜ್‌ಗೆ ಉತ್ತರ ಬರೆದದ್ದು ತಂದೆ. ಚಿಕ್ಕ ಹುಡುಗನ ದುಂಡಗಿನ ಅಕ್ಷರ. ಅದರ ಮೇಲೆ ಯಾರೋ ಕೆಂಪು ಬಾಲ್‌ಪೆನ್ನಿನಲ್ಲಿ ಮೂರು ಕಡೆ ತಪ್ಪು ಗುರುತು ಹಾಕಿದ್ದರು, ಒಂದು ಕಡೆ ಪ್ರಶ್ನಾರ್ಥಕ ಚಿಹ್ನೆ. ಪ್ರಶ್ನೆಗಳು ಇವು:

ಎಲ್ಲ ವಿಶ್ವ ಫೈನಲ್‌ಗಳನ್ನೂ ಕಂಡ ಮೈದಾನ ಯಾವುದು? ಹುಡುಗನ ಉತ್ತರ ವೆಂಬ್ಲಿ. ಕೆಂಪು ತಪ್ಪು.

ವಿಶ್ವ ಪಟ್ಟಕ್ಕೇರಿದ ಒಬ್ಬನೇ ಇಂಗ್ಲಿಷರವನು ಯಾರು? ಟಾಮಿ ಪ್ರೈಸ್. ಕೆಂಪು ತಪ್ಪು.

ಪಟ್ಟವನ್ನು ಮರುವರ್ಷವೂ ಬಿಟ್ಟುಕೊಡದ ಒಬ್ಬನೇ ಯಾರು? ಜಾಕ್ ಯಂಗ್. ಕೆಂಪು ತಪ್ಪು.

ಕಳೆದುಕೊಂಡ ಪಟ್ಟವನ್ನು ಮತ್ತೆ ಪಡೆದ ಒಬ್ಬನೇ ಯಾರು? ಫ್ರೆಡ್ಡಿ ವಿಲಿಯಮ್ಸ್.

ಫೈನಲ್‌ನಲ್ಲಿ ಒಂದು ಹೀಟನ್ನೂ ಸೋಲದೆ ಪಟ್ಟ ಕಳೆದುಕೊಂಡವನು ಯಾರು? ವಿಲ್ಕಿನ್ಸನ್. ಪ್ರಶ್ನಾರ್ಥಕ ಚಿಹ್ನೆ.

ಎರಡನೆಯ ದರ್ಜೆಯಿಂದ ಬಂದು ಜಗತ್ತಿಗೇ ಮೊದಲಿಗನಾದವನು? ಮತ್ತೆ ಜಾಕ್ ಯಂಗ್.

ಹದಿನಾರು ಮಂದಿ ಸಜ್ಜಾದರು, ಟೇಪ್ (ಓಟ ಶುರುಮಾಡಲು ಮೇಲೆತ್ತುವ ಅಡ್ಡಪಟ್ಟಿ) ಮೇಲೇಳಲೇ ಇಲ್ಲ. ಯಾವ ವರ್ಷ? 1939.

ಒಂದು ದ್ವೀಪದಲ್ಲಿ ಹುಟ್ಟಿ ಇನ್ನೊಂದು ದ್ವೀಪದಲ್ಲಿ ಬೆಳೆದ ನಮ್ಮ ಈಗಿನ ದೊರೆ ಯಾರು? ಇದಕ್ಕೆ ಬರೆದ ಉತ್ತರದ ಮೇಲೆ ಚಹಾ ಚೆಲ್ಲಿ ಅಕ್ಷರ ಕಲೆಯಡಿ ಮಸುಕಾಗಿತ್ತು, ಓದಲಾಗಲಿಲ್ಲ.

ಹುಟ್ಟಿದ್ದು ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ. ಇಂದು ರಾತ್ರಿ ಪ್ರತಿ ಹೀಟಿನಲ್ಲೂ ನಾಲ್ಕಕ್ಕೆ ನಾಲ್ಕೂ ಸ್ಥಾನ ಇವನದೇ. ಯಾರಿವನು? ಇಲ್ಲಿ ಹುಡುಗ ಬರೆದದ್ದು ಮೂರೇ ಇಂಗ್ಲಿಷ್ ಅಕ್ಷರ. ಅದೂ ಪೆನ್ಸಿಲ್ ಮಾಸಿ ಮೊದಲನೆಯದು ಮಾತ್ರ ಕಾಣುತ್ತಿತ್ತು, ಜೆ.

ಹತ್ತನೆಯದು ಸ್ಥಳೀಯ ಪ್ರಶ್ನೆ. ಮೂರನೆಯ ತಿರುವಿನಲ್ಲಿ ರೇಕ್ ಹಿಡಿದು ಮಣ್ಣು ಎಳೆಯುವಾತನನ್ನು ನಾವು ಕರೆಯುವ ಹೆಸರೇನು? ಖಾಲಿ ಬಿಟ್ಟಿದ್ದ.

ಮಗಳ ಬೇಡಿಕೆ ಸರಳವಾಗಿತ್ತು. ಸರಿಯಾದ ಉತ್ತರಗಳ ಪಟ್ಟಿಯೊಂದನ್ನು ಟೈಪ್ ಮಾಡಿ ಈ ಹಾಳೆಯ ಜೊತೆ ಲಗತ್ತಿಸಬೇಕು. ಚೀಟಿಯಲ್ಲಿ ‘1975, ಬಾಲಕನೊಬ್ಬ ಬಿಡಿಸಿದ ಕ್ವಿಜ್, ಕೆಲವು ಉತ್ತರ ತಪ್ಪು’ ಎಂದಿರಲಿ.

ಮೊದಲು ಮಾಡಿದ್ದು

ನಾವು ಹೊದಿಕೆಯನ್ನು ನಂಬಿದೆವು. ಆಮೇಲೆ ಆದ ಎಡವಟ್ಟುಗಳಿಗೆಲ್ಲ ಅಲ್ಲೇ ಬೇರು. ಹೊದಿಕೆಯಲ್ಲಿ 1975 ಇದೆ, ಹಾಳೆ ಅದರೊಳಗಿದೆ, ಅಂದಮೇಲೆ ಹಾಳೆಯೂ 1975ರದೇ. ಇದನ್ನು ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ. ಹೇಳಿದ್ದರೆ ಯಾರಾದರೂ ಪ್ರಶ್ನಿಸುತ್ತಿದ್ದರೋ ಏನೋ. ಮಗಳಿಗೆ ಒಂಬತ್ತಾಗಿದ್ದ ವರ್ಷ ತಂದೆ ಹುಡುಗನಾಗಿರಲು ಸಾಧ್ಯವಿಲ್ಲ ಎಂಬುದೂ ಯಾರಿಗೂ ಹೊಳೆಯಲಿಲ್ಲ.

ವಿಶ್ವ ಚಾಂಪಿಯನ್ನರ ಪಟ್ಟಿ ತೆಗೆದು 1975ರಲ್ಲಿ ನಿಂತು ಉತ್ತರ ನೋಡಿದೆವು. ಫೈನಲ್ ವೆಂಬ್ಲಿಯಲ್ಲೇ ನಡೆಯುತ್ತಿತ್ತೇ? 1961ರಲ್ಲೇ ಅದು ಸ್ವೀಡನ್ನಿನ ಮಾಲ್ಮೋಗೆ ಹೋಯಿತು, ಆಮೇಲೆ ಗೋಥೆನ್‌ಬರ್ಗ್, ಪೋಲೆಂಡಿನ ವ್ರೋಟ್ಸ್‌ವಾಫ್, ಖೋಝೂಫ್. ಹುಡುಗ ಬರೆದದ್ದು ತಪ್ಪು. ಒಬ್ಬನೇ ಇಂಗ್ಲಿಷರವನು? 1949ರಲ್ಲಿ ಟಾಮಿ ಪ್ರೈಸ್ ಗೆದ್ದದ್ದು ನಿಜ, ಆದರೆ 1955 ಮತ್ತು 1962ರಲ್ಲಿ ಪೀಟರ್ ಕ್ರೇವನ್ ಗೆದ್ದಿದ್ದಾನಲ್ಲ! ಅದೂ ತಪ್ಪು. ಪಟ್ಟ ಉಳಿಸಿಕೊಂಡವರು? ಜಾಕ್ ಯಂಗ್ 1951, 1952. ಆಮೇಲೆ ಬ್ಯಾರಿ ಬ್ರಿಗ್ಸ್ 1957, 1958. ಓವೆ ಫಂಡಿನ್ 1960, 1961. ಐವನ್ ಮೇಜರ್ 1968ರಿಂದ ಸತತ ಮೂರು ವರ್ಷ. ತಪ್ಪು, ತಪ್ಪು.

ಇಷ್ಟಕ್ಕೇ ನಮಗೆ ಅನುಮಾನ ಬರಬೇಕಿತ್ತು. ಪ್ರಶ್ನೆಯೇ ‘ಒಬ್ಬನೇ ಯಾರು’ ಎನ್ನುತ್ತಿದೆ. 1975ರಲ್ಲಿ ಆ ಪ್ರಶ್ನೆಗೆ ಉತ್ತರವೇ ಇಲ್ಲ, ಉಳಿಸಿಕೊಂಡವರು ನಾಲ್ವರಿದ್ದಾರೆ. ಹುಡುಗ ತಪ್ಪಿದ್ದರೆ ಪ್ರಶ್ನೆ ಮಾಡಿದವನೂ ತಪ್ಪಿರಬೇಕು. ಕ್ಲಬ್ಬಿನ ಪ್ರೋಗ್ರಾಂ ಬರೆಯುವವನಿಗೆ ಇಷ್ಟೂ ಗೊತ್ತಿರುವುದಿಲ್ಲವೇ? ನಾವು ಅದನ್ನು ಅಚ್ಚಿನ ದೋಷ, ಅವಸರದ ಬರವಣಿಗೆ ಎಂದು ಪಕ್ಕಕ್ಕಿಟ್ಟೆವು. ನಮ್ಮ ಲೆಕ್ಕಕ್ಕೆ ಹೊಂದದ್ದನ್ನು ಎದುರಿನವರ ತಪ್ಪೆಂದು ಬರೆದುಕೊಂಡೆವು.

ಟಾಟನ್‌ಹ್ಯಾಮ್ ಪ್ರಶ್ನೆಗೆ ನಾನೊಬ್ಬನೇ ಎರಡು ವಾರ ಕಳೆದೆ. ಅಲ್ಲಿ ಹುಟ್ಟಿದ, ಜೆ ಅಕ್ಷರದ ಸವಾರ ಯಾರು? ಹೆಸರು ಸಿಕ್ಕರೂ ಅರ್ಥವಾಗಬೇಕಲ್ಲ. ಒಬ್ಬ ಸವಾರ ಪ್ರತಿ ಹೀಟಿನಲ್ಲೂ ಓಡುವುದಿಲ್ಲ. ಓಡಿದರೂ ಒಬ್ಬನೇ ಮನುಷ್ಯ ಒಂದು, ಎರಡು, ಮೂರು, ನಾಲ್ಕು ನಾಲ್ಕೂ ಸ್ಥಾನಕ್ಕೆ ಬರುವುದು ಹೇಗೆ? ರೆಫರಿ ಇರಬಹುದು ಅಂದುಕೊಂಡೆ. ಬಾವುಟ ಬೀಸುವವನು? ಟ್ರ್ಯಾಕಿನ ಪಕ್ಕ ನಿಲ್ಲುವ ಆಂಬುಲೆನ್ಸಿನವನು? ಯಾವುದೂ ಕೂರಲಿಲ್ಲ.

ತಿರುವು

ತಿರುವು ಬಂದದ್ದು ಸ್ಪೀಡ್‌ವೇ ಗೊತ್ತಿದ್ದವರಿಂದಲ್ಲ. ನಮ್ಮ ಮೇಜಿನಲ್ಲಿ ಒಬ್ಬ ಹಿರಿಯರಿದ್ದಾರೆ, ಕೆಲಸದಲ್ಲಿದ್ದಾಗ ಲೆಕ್ಕದ ಪುಸ್ತಕ ನೋಡಿಕೊಳ್ಳುತ್ತಿದ್ದವರು. ಎಲ್ಲಿ ಅಂಕಿ ಕಂಡರೂ ಕೂಡಿಸಿ ನೋಡುವುದು ಅವರ ರೂಢಿ. ಹಾಳೆಯ ಹಿಂಬದಿಯ ಪೆನ್ಸಿಲ್ ಅಂಕಗಳನ್ನು ಬೆರಳಿಟ್ಟು ಓದಿದರು. ಊರಿನ ತಂಡ 45, ಹೊರಗಿನವರು 39. ಕೂಡಿಸಿದರೆ 84. ಆಮೇಲೆ ನನ್ನನ್ನು ಕೇಳಿದರು, ಒಂದು ಹೀಟಿಗೆ ಒಟ್ಟು ಎಷ್ಟು ಪಾಯಿಂಟ್? ಮೂರು, ಎರಡು, ಒಂದು. ಆರು ಎಂದೆ. ಹಾಗಾದರೆ ಹದಿನಾಲ್ಕು ಹೀಟ್ ಆಗಬೇಕು. ನೀವು ಮೊನ್ನೆ 1975ರ ಪಂದ್ಯಕ್ಕೆ ಹದಿಮೂರು ಹೀಟ್ ಎಂದಿರಲ್ಲ?

ನಾನು ಹಾಗೆ ಹೇಳಿದ್ದು ನಿಜ. 1965ರಲ್ಲಿ ಬ್ರಿಟಿಷ್ ಲೀಗ್ ಶುರುವಾದಾಗ ತಂಡಕ್ಕೆ ಏಳು ಜನ, ಪಂದ್ಯಕ್ಕೆ ಹದಿಮೂರು ಹೀಟ್ ಎಂದಾಯಿತು. ಹದಿಮೂರನ್ನು ಆರರಿಂದ ಗುಣಿಸಿದರೆ 78. ಯಾರಾದರೂ ಬಿದ್ದು ಹೀಟಿನಲ್ಲಿ ಇಬ್ಬರೇ ಉಳಿದರೆ ಒಟ್ಟು 78ಕ್ಕಿಂತ ಕಡಿಮೆಯಾದೀತು, ಹೆಚ್ಚಂತೂ ಆಗದು. 84 ಆಗಲಿಕ್ಕೆ ಸಾಧ್ಯವೇ ಇಲ್ಲ. ಹದಿನಾಲ್ಕು ಹೀಟುಗಳ ಲೀಗ್ ಪಂದ್ಯ ನಡೆಯುತ್ತಿದ್ದದ್ದು ಯುದ್ಧ ಮುಗಿದ ನಂತರದ ವರ್ಷಗಳಲ್ಲಿ.

ಇದೊಂದರಿಂದಲೇ ಏನೂ ಸಾಬೀತಾಗುವುದಿಲ್ಲ ಎಂದು ಅವರೇ ಎಚ್ಚರಿಸಿದರು. ಕಪ್ ಪಂದ್ಯ, ಸ್ನೇಹಪಂದ್ಯಗಳಿಗೆ ಹೀಟಿನ ಲೆಕ್ಕ ಬೇರೆ ಇರುತ್ತದೆ. ಆದರೆ ಅಲ್ಲಿಯವರೆಗೆ ಯಾರೂ ಮಾಡದ ಕೆಲಸವನ್ನು ಆಗ ಮಾಡಿದೆವು. ಹಾಳೆಯನ್ನು ಹೊದಿಕೆಯಿಂದ ಹೊರಗೆ ತೆಗೆದು ಬೇರೆಯಾಗಿ ಇಟ್ಟು ನೋಡಿದೆವು.

ಹಾಳೆಯ ಎಡ ಅಂಚು ಮಡಿಕೆಯಲ್ಲಿ ಹರಿದಿತ್ತು. ಆ ಅಂಚಿನಲ್ಲಿ ಪಿನ್ ಹೊಡೆದ ಎರಡು ಅರೆತೂತುಗಳು, ಸುತ್ತ ತುಕ್ಕಿನ ಕಂದು ಬಳೆ. ಎರಡರ ನಡುವೆ ಸ್ಕೇಲ್ ಇಟ್ಟರೆ ನಾಲ್ಕು ಅಂಗುಲ. 1975ರ ಹೊದಿಕೆಯ ಪಿನ್ನುಗಳ ನಡುವೆ ಆರು. ಒಂದು ತೂತಿಗೆ ಇನ್ನೊಂದನ್ನು ಕೂಡಿಸಲು ಹೇಗೆ ತಿರುಗಿಸಿದರೂ ಆಗಲಿಲ್ಲ. ಕ್ವಿಜ್‌ನ ಪಕ್ಕದಲ್ಲಿ, ಅಂಗೈಯಷ್ಟು ಜಾಗದಲ್ಲಿ ತಂಡದ ಸ್ಕಾರ್ಫಿನ ಜಾಹೀರಾತು, ಬೆಲೆ ಷಿಲ್ಲಿಂಗ್ ಪೆನ್ನಿಯಲ್ಲಿ. ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬದಲಾದದ್ದು 1971ರ ಫೆಬ್ರವರಿ 15ರಂದು. ಆ ಬೆಲೆ ಮೂರು ವಾರದಿಂದ ನಮ್ಮ ಕಣ್ಣೆದುರಿಗೇ ಇತ್ತು. ಕ್ವಿಜ್ ಓದುತ್ತಿದ್ದವರು ಯಾರೂ ಜಾಹೀರಾತು ಓದಿರಲಿಲ್ಲ.

ಬೇಲಿ ಹಾಕಿದ್ದು

ಹಾಳೆ 1975ರದಲ್ಲ ಎಂದಾಯಿತು. ಹಾಗಿದ್ದರೆ ಯಾವಾಗಿನದು? ಇಲ್ಲಿ ನಾವು ತೆಗೆದುಕೊಂಡ ತೀರ್ಮಾನವೇ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಎಣಿಕೆ. ಅಚ್ಚಿನ ರೀತಿ, ಕಾಗದದ ಬಣ್ಣ ಎಂದು ಅಂದಾಜು ಮಾಡುವುದನ್ನು ಬಿಟ್ಟು, ಕ್ವಿಜ್‌ನ ಪ್ರಶ್ನೆಗಳನ್ನೇ ಸಾಕ್ಷಿಗೆ ಕರೆದೆವು. ಪ್ರಶ್ನೆ ಮಾಡಿದವನು ಬಲ್ಲವನು ಎಂದು ಒಪ್ಪಿಕೊಂಡೆವು. ಅವನ ಪ್ರತಿ ವಾಕ್ಯವೂ ಬರೆದ ದಿನಕ್ಕೆ ನಿಜವಾಗಿತ್ತು ಎಂದು ಹಿಡಿದೆವು. ಹಾಗಾದರೆ ‘ಒಬ್ಬನೇ’ ಎಂಬ ಮಾತು ಬಂದಲ್ಲೆಲ್ಲ ಹೊಲಕ್ಕೆ ಎರಡು ಕಡೆ ಬೇಲಿ ಬಿದ್ದಂತೆ. ಮೊದಲನೆಯವನು ಗೆದ್ದ ದಿನ ಒಂದು ಬೇಲಿ, ಎರಡನೆಯವನು ಗೆದ್ದ ದಿನ ಇನ್ನೊಂದು.

ಒಂದು ಹಾಳೆಯಲ್ಲಿ ವರ್ಷಗಳ ಗೆರೆ ಎಳೆದು ಗುರುತು ಹಾಕುತ್ತಾ ಹೋದೆವು. ಎಲ್ಲ ಫೈನಲ್ಲೂ ವೆಂಬ್ಲಿಯಲ್ಲಿ ಎಂದರೆ 1961ಕ್ಕಿಂತ ಮುಂಚೆ. ಪಟ್ಟ ಉಳಿಸಿಕೊಂಡ ಒಬ್ಬನೇ ಜಾಕ್ ಯಂಗ್ ಎಂದರೆ 1952ರ ಫೈನಲ್ ಆದ ಮೇಲೆ, 1958ರಲ್ಲಿ ಬ್ರಿಗ್ಸ್ ಎರಡನೆಯ ಸಲ ಗೆಲ್ಲುವ ಮುಂಚೆ. ಕಳೆದುಕೊಂಡು ಮರಳಿ ಪಡೆದ ಒಬ್ಬನೇ ಫ್ರೆಡ್ಡಿ ವಿಲಿಯಮ್ಸ್, ವೇಲ್ಸ್‌ನವನು. 1950ರಲ್ಲಿ ಗೆದ್ದು 1953ರಲ್ಲಿ ಮತ್ತೆ ಗೆದ್ದ. ಅಂದಮೇಲೆ 1953ರ ನಂತರ. ಒಬ್ಬನೇ ಇಂಗ್ಲಿಷರವನು ಟಾಮಿ ಪ್ರೈಸ್ ಎಂದರೆ 1955ರ ಸೆಪ್ಟೆಂಬರಿನಲ್ಲಿ ಕ್ರೇವನ್ ಗೆಲ್ಲುವ ಮುಂಚೆ. ಬೇಲಿಗಳು ಒತ್ತಿಕೊಂಡು ಬಂದು ಎರಡು ವರ್ಷದ ಸಂದಿಗೆ ನಿಂತವು.

ಆಗ ಚಹಾ ಚೆಲ್ಲಿದ ಉತ್ತರ ತಾನಾಗಿ ತೆರೆದುಕೊಂಡಿತು. ಒಂದು ದ್ವೀಪದಲ್ಲಿ ಹುಟ್ಟಿ ಇನ್ನೊಂದರಲ್ಲಿ ಬೆಳೆದ ಈಗಿನ ದೊರೆ. ರಾನಿ ಮೂರ್ ಹುಟ್ಟಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್‌ನಲ್ಲಿ, ಬೆಳೆದದ್ದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. 1954ರ ಸೆಪ್ಟೆಂಬರಿನಲ್ಲಿ 21ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಚಹಾ ಕಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎರಡು ಸೊನ್ನೆಯಂಥ ಅಕ್ಷರಗಳು ಅಕ್ಕಪಕ್ಕ ಕಾಣುತ್ತಿದ್ದವು. ‘ಮೂರ್’ ಎಂಬ ಹೆಸರಿನ ನಡುವೆ ಇರುವಂಥವು. ಅಷ್ಟೇ ಸಾಕು ಎನ್ನಲಾರೆ, ಆದರೆ ಬೇರೆ ಯಾವ ಹೆಸರೂ ಆ ಜಾಗಕ್ಕೆ ಹೊಂದುವುದಿಲ್ಲ.

ಹಾಗಾದರೆ ಕ್ವಿಜ್ ಅಚ್ಚಾದದ್ದು 1954ರ ಸೆಪ್ಟೆಂಬರಿನಿಂದ 1955ರ ಸೆಪ್ಟೆಂಬರಿನ ನಡುವೆ. ಹಿಂಬದಿಯಲ್ಲಿ ಈಸ್ಟರ್ ಸೋಮವಾರದ ಸಾಲಿದೆ. ಆ ಒಂದು ವರ್ಷದಲ್ಲಿ ಬರುವುದು ಒಂದೇ ಈಸ್ಟರ್, 1955ರ ಏಪ್ರಿಲ್ 10. ಸೋಮವಾರ ಎಂದರೆ 11. ಅದಕ್ಕೆ ಹಿಂದಿನ ರೇಸಿನ ಹಾಳೆ ಇದು. ಋತು ಆಗಷ್ಟೇ ಶುರುವಾಗಿರಬೇಕು. ತಂದೆಗೆ ಆಗ ಹದಿಮೂರು.

ಮೇಜಿನ ಸುತ್ತ ಇದ್ದ ನಾವೈದು ಮಂದಿಯೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಟಾಟನ್‌ಹ್ಯಾಮ್‌ನವನು

1955ರಲ್ಲಿ ನಿಂತು ನೋಡಿದರೆ ಆ ಒಗಟು ಒಂದು ಕ್ಷಣಕ್ಕೂ ಒಗಟಲ್ಲ. ಜಾನ್ ಆಲ್ಫ್ರೆಡ್ ಪ್ರೆಸ್ಟ್‌ವಿಚ್ ಎಂಬಾತ ಟಾಟನ್‌ಹ್ಯಾಮ್‌ನಲ್ಲಿ ಕಾರ್ಖಾನೆ ಇಟ್ಟು ಎಂಜಿನ್ ಮಾಡುತ್ತಿದ್ದ. ಅವನ ಹೆಸರಿನ ಮೊದಲಕ್ಷರಗಳಿಂದ ಆ ಎಂಜಿನ್ನಿಗೆ ಜೆಎಪಿ ಎಂದೇ ಹೆಸರು. 1930ರ ದಶಕದಲ್ಲಿ ರಡ್ಜ್, ಡಗ್ಲಸ್ ಬೈಕುಗಳನ್ನು ಹಿಂದೆ ಹಾಕಿದ ಈ ಒಂಟಿ ಸಿಲಿಂಡರಿನ ಎಂಜಿನ್ನು ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಸ್ಪೀಡ್‌ವೇಯನ್ನು ಆಳಿತು. ಯಾವ ತಂಡವಾಗಲಿ, ಯಾವ ಸವಾರನಾಗಲಿ, ಬಹುಮಟ್ಟಿಗೆ ಎಲ್ಲರ ಕೆಳಗೂ ಜೆಎಪಿಯೇ. ಆದ್ದರಿಂದ ಪ್ರತಿ ಹೀಟಿನಲ್ಲೂ ಒಂದರಿಂದ ನಾಲ್ಕರವರೆಗೆ ಅವನದೇ ಸ್ಥಾನ. ಹುಡುಗ ಬರೆದ ಮೂರಕ್ಷರ ಇದೇ.

ನಾವು 1975ರಲ್ಲಿ ಹುಡುಕಿದ್ದರಿಂದ ಇದು ಹೊಳೆಯಲು ದಾರಿಯೇ ಇರಲಿಲ್ಲ. ಅಷ್ಟು ಹೊತ್ತಿಗೆ ಜೆಕೊಸ್ಲೊವಾಕಿಯಾದ ಎಸೊ ಎಂಜಿನ್ನು, ಅದರ ಮುಂದಿನ ಹೆಸರಾದ ಜಾವಾ ಬಂದು ಜೆಎಪಿಯನ್ನು ಮೂಲೆಗೆ ಸರಿಸಿದ್ದವು. ನಮ್ಮ ಮೈಸೂರಿನಲ್ಲಿ ಜಾವಾ ಎಂದರೆ ಊರಿನದೇ ಹೆಮ್ಮೆ. ಐಡಿಯಲ್ ಜಾವಾ ಕಾರ್ಖಾನೆಯ ಬೈಕಿನ ಸದ್ದು ಕೇಳಿ ಬೆಳೆದವರು ನಮ್ಮಲ್ಲಿ ಎಷ್ಟೋ ಜನ. ಅದೇ ಹೆಸರು ಈ ಹಾಳೆಯ ಒಗಟಿಗೆ ಅಡ್ಡ ನಿಂತಿತ್ತು ಎಂದು ಗೊತ್ತಾದಾಗ, ನಮ್ಮಪ್ಪನಿಗೆ ಇದನ್ನು ಹೇಳಬೇಕಿತ್ತು ಅನ್ನಿಸಿತು. ಅವರು ಈಗಿಲ್ಲ.

ಇನ್ನುಳಿದದ್ದು ವಿಲ್ಕಿನ್ಸನ್ ಮೇಲಿನ ಪ್ರಶ್ನಾರ್ಥಕ. ಇದು ಕಾಲದ ತೊಡಕಲ್ಲ, ನಿಯಮದ್ದು. ಮೊದಲ ವಿಶ್ವ ಫೈನಲ್ ನಡೆದದ್ದು 1936ರ ಸೆಪ್ಟೆಂಬರ್ 10ರಂದು ವೆಂಬ್ಲಿಯಲ್ಲಿ. ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ಆ ರಾತ್ರಿ ಐದು ಹೀಟ್ ಓಡಿ ಐದನ್ನೂ ಗೆದ್ದ, ಹದಿನೈದಕ್ಕೆ ಹದಿನೈದು. ಆದರೆ ಹಿಂದಿನ ಸುತ್ತುಗಳಲ್ಲಿ ಗಳಿಸಿದ ಬೋನಸ್ ಪಾಯಿಂಟನ್ನೂ ಸೇರಿಸಬೇಕೆಂಬ ನಿಯಮವಿತ್ತು. ಅವನ ಬೋನಸ್ 10, ಒಟ್ಟು 25. ಲಯನಲ್ ವಾನ್ ಪ್ರಾಗ್, ಎರಿಕ್ ಲ್ಯಾಂಗ್ಟನ್ ಇಬ್ಬರಿಗೂ 26. ಇಬ್ಬರ ನಡುವೆ ಮತ್ತೊಂದು ಓಟ ನಡೆದು ವಾನ್ ಪ್ರಾಗ್ ಚಾಂಪಿಯನ್ ಆದ. ಯಾರಿಗೂ ಸೋಲದ ವಿಲ್ಕಿನ್ಸನ್ ಮೂರನೆಯವನಾದ. ಎರಡು ವರ್ಷದ ಬಳಿಕ, 1938ರಲ್ಲಿ, ಅವನು ಪಟ್ಟ ಗೆದ್ದೇ ಗೆದ್ದ. ಬರೀ ಚಾಂಪಿಯನ್ನರ ಪಟ್ಟಿ ನೋಡುವವರಿಗೆ ಅವನ ಹೆಸರು 1938ರ ಎದುರಿಗೆ ಮಾತ್ರ ಕಾಣುತ್ತದೆ, ಆ ರಾತ್ರಿಯ ಕಥೆ ಕಾಣುವುದಿಲ್ಲ. ಹದಿಮೂರರ ಹುಡುಗ ಅದನ್ನು ಬಲ್ಲವನಾಗಿದ್ದ, ತಾನು ಹುಟ್ಟುವ ಮುಂಚಿನ ಮಾತಾದರೂ.

1939ರ ಉತ್ತರಕ್ಕೆ ಯಾರ ತಕರಾರೂ ಇರಲಿಲ್ಲ. ಫೈನಲ್‌ಗೆ ಹದಿನಾರು ಜನ ಗೊತ್ತಾಗಿದ್ದರು, ಸೆಪ್ಟೆಂಬರಿನಲ್ಲಿ ಯುದ್ಧ ಬಂತು, ಓಟ ನಡೆಯಲೇ ಇಲ್ಲ. ಎರಡನೆಯ ದರ್ಜೆಯ ಪ್ರಶ್ನೆಯೂ ಹಾಗೇ. 1951ರಲ್ಲಿ ಗೆದ್ದಾಗ ಜಾಕ್ ಯಂಗ್ ಎರಡನೆಯ ಡಿವಿಷನ್ನಿನ ಎಡಿನ್‌ಬರೋ ತಂಡದಲ್ಲಿದ್ದ. ಒಂದೇ ಹೆಸರು ಎರಡು ಪ್ರಶ್ನೆಗೆ ಉತ್ತರವಾಗದು ಎಂದು ನಾವು ಸುಮ್ಮನೆ ಊಹಿಸಿಕೊಂಡು ಅಲ್ಲೂ ಒಂದು ದಿನ ಕಳೆದಿದ್ದೆವು.

ಕೆಂಪು ಗುರುತು

ಮುಂದಿನ ಶನಿವಾರ ಮಗಳ ಎದುರಿಗೆ ವರ್ಷಗಳ ಗೆರೆ ಇಟ್ಟು ಒಂದೊಂದಾಗಿ ತೋರಿಸಿದೆವು. ಅವರು ಪ್ರತಿ ಬೇಲಿಯನ್ನೂ ತಾವೇ ಬೆರಳಿನಿಂದ ಮುಟ್ಟಿ ನೋಡಿದರು. ಕಡೆಗೆ, ‘ಹಾಗಾದರೆ ಅಪ್ಪ ಬರೆದದ್ದರಲ್ಲಿ ಒಂದೂ ತಪ್ಪಿರಲಿಲ್ಲವೇ?’ ಎಂದರು. ಇರಲಿಲ್ಲ, ಓದಲಾದ ಎಲ್ಲ ಉತ್ತರವೂ ಸರಿ ಎಂದೆ.

ಆಮೇಲೆ ಅವರು ಮೊದಲ ದಿನ ಹೇಳದೆ ಇದ್ದದ್ದನ್ನು ಹೇಳಿದರು. ಕೆಂಪು ಬಾಲ್‌ಪೆನ್ನಿನ ಗುರುತು ಅವರದೇ. 1980ರಲ್ಲಿ, ಹದಿನಾಲ್ಕು ವರ್ಷದವರಿದ್ದಾಗ, ಲೈಬ್ರರಿಯಿಂದ ಸ್ಪೀಡ್‌ವೇಯ ಒಂದು ವಾರ್ಷಿಕ ಪುಸ್ತಕ ತಂದು ಅಪ್ಪನ ಡಬ್ಬ ತೆಗೆದು ಈ ಹಾಳೆಯನ್ನು ತಿದ್ದಿದ್ದರು. ತಿದ್ದಿ ಅಪ್ಪನಿಗೆ ತೋರಿಸಿದರು. ಅಪ್ಪ ಹಾಳೆಯನ್ನು ನೋಡಿ, ಮಗಳ ಮುಖ ನೋಡಿ, ಮಡಿಸಿ ಮತ್ತೆ ಡಬ್ಬದಲ್ಲಿಟ್ಟರಂತೆ. ಏನೂ ಹೇಳಲಿಲ್ಲ. ಆಮೇಲೆ ಮನೆಯಲ್ಲಿ ರೇಸಿನ ಮಾತು ಬಂದಾಗಲೆಲ್ಲ, ಅಪ್ಪನಿಗೆ ಎಲ್ಲ ಗೊತ್ತು ಅನ್ನುತ್ತಾರೆ, ಹತ್ತಕ್ಕೆ ಮೂರು ತಪ್ಪು ಎಂದು ಇವರು ಹಾಸ್ಯ ಮಾಡುತ್ತಿದ್ದರು. ಅಪ್ಪ ಆಗಲೂ ತಿದ್ದಲಿಲ್ಲ.

ಯಾಕೆ ತಿದ್ದಲಿಲ್ಲ ಎಂದು ಊಹಿಸುವುದು ನಮ್ಮ ಕೆಲಸವಲ್ಲ. ಆದರೆ ಈ ಮಾತು ಹೊರಬಂದದ್ದು ಕೆಲಸದ ದೃಷ್ಟಿಯಿಂದಲೂ ದೊಡ್ಡದು. ಮೊದಲ ದಿನವೇ ನಾವು ‘ಈ ಗುರುತು ಹಾಕಿದ್ದು ಯಾರು, ಯಾವಾಗ?’ ಎಂದು ಕೇಳಿದ್ದರೆ, ಹಾಳೆಯ ಮೇಲೆ ಎರಡು ಕಾಲಗಳಿವೆ ಎಂಬುದು ಅಂದೇ ಗೊತ್ತಾಗುತ್ತಿತ್ತು. ಈಗ ನಾವು ಮೇಜಿನಲ್ಲಿ ಯಾವ ಕಾಗದ ಬಂದರೂ ಮೊದಲು ಅದರ ಮೇಲಿರುವ ಕೈಗಳನ್ನು ಎಣಿಸುತ್ತೇವೆ. ಅಚ್ಚು ಒಂದು, ಪೆನ್ಸಿಲ್ ಒಂದು, ಶಾಯಿ ಒಂದು. ಪ್ರತಿಯೊಂದಕ್ಕೂ ಬೇರೆಯಾಗಿ ‘ಯಾವಾಗ’ ಎಂದು ಕೇಳಿಕೊಂಡೇ ಮುಂದಕ್ಕೆ ಹೋಗುವುದು. ಹೊದಿಕೆ, ಲಕೋಟೆ, ಫೈಲು ಇವನ್ನು ಒಳಗಿನ ಹಾಳೆಯ ಸಾಕ್ಷಿಯಾಗಿ ಎಣಿಸುವುದನ್ನು ಬಿಟ್ಟಿದ್ದೇವೆ. ಜಾಹೀರಾತನ್ನು ಪ್ರಶ್ನೆಗಿಂತ ಮುಂಚೆ ಓದುತ್ತೇವೆ.

ಹತ್ತನೆಯ ಪ್ರಶ್ನೆ, ರೇಕ್ ಹಿಡಿದಾತನ ಹೆಸರು, ಯಾವ ಪುಸ್ತಕದಲ್ಲೂ ಸಿಗುವಂಥದ್ದಲ್ಲ. ಆ ಟ್ರ್ಯಾಕಿಗೆ ಆ ಕಾಲದಲ್ಲಿ ಹೋಗುತ್ತಿದ್ದ ಇಬ್ಬರು ಹಿರಿಯರು ಇನ್ನೂ ಊರಿನಲ್ಲಿದ್ದಾರೆ. ಇಬ್ಬರನ್ನೂ ಒಟ್ಟಿಗೆ ಕರೆಸೋಣ, ಚಹಾ ಕೊಟ್ಟು ಮಾತಾಡಿಸೋಣ ಎಂದು ಮೊದಲು ಎಣಿಸಿದ್ದೆವು. ಲೆಕ್ಕದ ಹಿರಿಯರು ಬೇಡ ಎಂದರು. ಒಬ್ಬರು ಹೇಳಿದ್ದು ಇನ್ನೊಬ್ಬರ ನೆನಪಾಗಿಬಿಡುತ್ತದೆ. ಬೇರೆ ಬೇರೆ ದಿನ, ಬೇರೆ ಬೇರೆ ಮನೆಯಲ್ಲಿ ಕೇಳಿದೆವು. ಉತ್ತರದ ಸುಳಿವು ಕೊಡದೆ, ಮೂರನೆಯ ತಿರುವಿನಲ್ಲಿ ಯಾರು ನಿಲ್ಲುತ್ತಿದ್ದರು ಎಂದಷ್ಟೇ. ಇಬ್ಬರೂ ಒಂದೇ ಅಡ್ಡಹೆಸರು ಹೇಳಿದರು. ಒಬ್ಬರಂತೂ ಹೆಸರು ಹೇಳುತ್ತಲೇ ಎದ್ದು ನಿಂತು, ಆತ ರೇಕನ್ನು ಹೆಗಲ ಮೇಲೆ ಬಂದೂಕಿನಂತೆ ಇಟ್ಟುಕೊಂಡು ನಡೆಯುತ್ತಿದ್ದುದನ್ನು ಮಾಡಿ ತೋರಿಸಿದರು. ಎಂಬತ್ತೇಳು ವರ್ಷ ಅವರಿಗೆ.

ಅಷ್ಟು ಜನಕ್ಕೆ ಗೊತ್ತಿದ್ದ ಹೆಸರನ್ನು ಹುಡುಗ ಯಾಕೆ ಬಿಟ್ಟ? ನಮ್ಮ ಬಳಿ ಉತ್ತರವಿರಲಿಲ್ಲ. ಮಗಳೇ ಹಾಳೆಯನ್ನು ಕೈಗೆತ್ತಿಕೊಂಡು ಮಗುಚಿದರು, ಮತ್ತೆ ಮಗುಚಿದರು. ಕೆಳಗಿನ ಚುಕ್ಕೆಗೆರೆ ಕತ್ತರಿಸಿರಲಿಲ್ಲ. ಉತ್ತರ ಕೊಟ್ಟು ಗೆದ್ದವರಿಗೆ ಸ್ಟ್ಯಾಂಡಿನ ಎರಡು ಟಿಕೆಟ್ ಎಂದು ಪಕ್ಕದಲ್ಲೇ ಅಚ್ಚಾಗಿದೆ. ಆ ಚುಕ್ಕೆಗೆರೆಯ ಬೆನ್ನಿಗೇ, ಹಿಂಬದಿಯಲ್ಲಿ, ಹದಿಮೂರು ಮತ್ತು ಹದಿನಾಲ್ಕನೆಯ ಹೀಟಿನ ಮನೆಗಳು. ಕತ್ತರಿಸಿದ್ದರೆ ಕಡೆಯ ಎರಡು ಹೀಟೂ ಒಟ್ಟು ಅಂಕವೂ ಹೋಗುತ್ತಿದ್ದವು. ಹದಿನಾಲ್ಕನೆಯ ಮನೆಯಲ್ಲಿ ಪೆನ್ಸಿಲ್ ಎಷ್ಟು ಒತ್ತಿ ಬರೆದಿದೆ ಎಂದರೆ, ಕ್ವಿಜ್‌ನ ಮಗ್ಗುಲಲ್ಲಿ ಬೆರಳಾಡಿಸಿದರೆ ಆ ಮೂರರ ಅಂಕಿ ಉಬ್ಬಾಗಿ ಕೈಗೆ ಹತ್ತುತ್ತದೆ.

ಕೆಂಪು ಗುರುತನ್ನು ಅಳಿಸಬಹುದೇ ಎಂದು ಅವರು ಕೇಳಿದರು. ಬಾಲ್‌ಪೆನ್ನಿನ ಶಾಯಿ ತೆಗೆಯಲು ಹೋದರೆ ಕೆಳಗಿನ ಪೆನ್ಸಿಲೂ ಹೋಗುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಬೇಡ, ಇರಲಿ ಎಂದರು. ಟೈಪ್ ಮಾಡಿದ ಉತ್ತರಪಟ್ಟಿಯೂ ಬೇಡವಾಯಿತು. ಹಾಳೆ ಮತ್ತು 1975ರ ಹೊದಿಕೆ ಬೇರೆ ಬೇರೆ ಲಕೋಟೆಯಲ್ಲಿ ಹೋದವು, ಒಂದೇ ದಾರ ಕಟ್ಟಿಸಿಕೊಂಡು. ಚೀಟಿಯನ್ನು ಅವರೇ ಬರೆದರು: ‘ಉತ್ತರಗಳು ತಂದೆಯವು, 1955ರ ವಸಂತ. ಕೆಂಪು ಗುರುತುಗಳು ಮಗಳವು, 1980. ಉತ್ತರಗಳು ಸರಿ.’